ಜೇನು ಹಿಡಿದ ದರೋಡೆ ನೊಣ: ಒಂದೇ ಚಿತ್ರದಿಂದ ಪ್ರಭೇದ ಹೇಳಬಹುದೇ?

ಪ್ರಶ್ನೆ (ನಾಪೋಕ್ಲು ಬಳಿಯ ಕಾಫಿ ಬೆಳೆಗಾರ)

ಹೂಮಳೆ ಬಿದ್ದ ಒಂಬತ್ತನೆಯ ದಿನ, ತೋಟವೆಲ್ಲ ಬೆಳ್ಳಗಾಗಿದ್ದಾಗ, ತುಡುವೆ ಜೇನಿನ ಪೆಟ್ಟಿಗೆಯ ಸಮೀಪದ ಒಣ ಕಡ್ಡಿಯ ಮೇಲೆ ಈ ನೊಣ ಕುಳಿತಿತ್ತು. ಮುಳ್ಳುಕಾಲುಗಳಲ್ಲಿ ಜೇನೊಂದನ್ನು ಅವುಚಿಕೊಂಡು ಅದರ ಕತ್ತಿನ ಹಿಂದೆ ಸೊಂಡಿಲು ಚುಚ್ಚಿದ್ದ ಅದು, ನಾನು ಎರಡಡಿ ಹತ್ತಿರ ಹೋದರೂ ಬೇಟೆಯನ್ನು ಬಿಡಲಿಲ್ಲ. ಫೋನಿನಲ್ಲಿ ಮೇಲಿನಿಂದ ತೆಗೆದ ಒಂದೇ ಚಿತ್ರವಿದೆ. ಗುರುತು ಹಿಡಿಯುವ ಆ್ಯಪ್ ‘ಏಸಿಲಸ್ ಕ್ರಾಬ್ರೊನಿಫಾರ್ಮಿಸ್’ ಎನ್ನುತ್ತಿದೆ. ಇದು ಸರಿಯೇ?

ಉತ್ತರ 1

ಸರಿಯಲ್ಲ. ಅದು ಯುರೋಪಿನ ನೊಣ; ಅದರ ಉದರದ ಮುಂಭಾಗ ಕಪ್ಪು, ಹಿಂಭಾಗ ಹೊಂಬಣ್ಣ. ತಮ್ಮ ಚಿತ್ರದಲ್ಲಿರುವುದು ಬೂದು ಪಟ್ಟೆಗಳ ಉದರ. ಆದರೆ ಇದು ದರೋಡೆ ನೊಣಗಳ ಕುಟುಂಬಕ್ಕೆ ಸೇರಿದ್ದೆಂಬುದರಲ್ಲಿ ಸಂಶಯವಿಲ್ಲ: ಎರಡು ಕಣ್ಣುಗಳ ನಡುವೆ ನೆತ್ತಿ ತಗ್ಗಾಗಿದೆ, ಮುಖದ ಮೇಲೆ ಬಿರುಗೂದಲಿನ ಮೀಸೆಯಿದೆ. ಜಗತ್ತಿನಲ್ಲಿ ಈ ಕುಟುಂಬದ 7,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿರುವುದರಿಂದ ಬಣ್ಣವೊಂದನ್ನೇ ನಂಬಿ ಹೆಸರಿಗೆ ಹಾರುವುದು ಬೇಡ.

ಕುಲವನ್ನಾದರೂ ತಿಳಿಯಬೇಕಾದರೆ ರೆಕ್ಕೆಯ ನರಗಳು ಕಾಣಬೇಕು. ಮೇಲ್ನೋಟಕ್ಕೆ ಒಂದೇ ಬಗೆಯಾಗಿ ತೋರುವ ಪ್ರೊಮ್ಯಾಕಸ್ ಮತ್ತು ಫಿಲೋಡಿಕಸ್ ಕುಲಗಳಲ್ಲಿ, ರೆಕ್ಕೆಯ ಮುಂಅಂಚಿನ ಕೋಶದ (ನರಗಳ ನಡುವಿನ ಪೊರೆಯ ಭಾಗ) ಕೆಳಗಿರುವ ಉಪಅಂಚುಕೋಶಗಳು ಮೊದಲನೆಯದಕ್ಕೆ ಮೂರು, ಎರಡನೆಯದಕ್ಕೆ ಎರಡು. ತಮ್ಮ ಚಿತ್ರದಲ್ಲಿ ರೆಕ್ಕೆಗಳು ಒಂದರ ಮೇಲೊಂದು ಮಡಿಸಿಕೊಂಡಿರುವುದರಿಂದ ಎಣಿಸಲಾಗುತ್ತಿಲ್ಲ.

ಉತ್ತರ 2 (ಮಡಿಕೇರಿ)

ಮೇಲಿನ ಮಾತಿಗೆ ನನ್ನ ಎಡವಟ್ಟನ್ನೂ ಸೇರಿಸುತ್ತೇನೆ. ಸಿಲ್ವರ್ ಓಕ್ ಮರದ ಕಾಂಡದ ಮೇಲೆ ಕುಳಿತಿದ್ದ ಕಪ್ಪು ಕೀಟವೊಂದನ್ನು ಬಡಗಿ ಜೇನು ಎಂದು ಬರೆದು ಹಂಚಿಕೊಂಡಿದ್ದೆ. ಎರಡು ದಿನ ಕಳೆದು ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಮೊಣಕೈಯಂತೆ ಬಾಗಿದ ಮೀಸೆಕಡ್ಡಿಗಳ (ಆ್ಯಂಟೆನಾ) ಬದಲು ಮೊಂಡು ಕಡ್ಡಿಗಳೂ, ನಾಲ್ಕರ ಬದಲು ಎರಡೇ ರೆಕ್ಕೆಗಳೂ ಕಂಡವು. ಅದು ಬಡಗಿ ಜೇನಿನ ವೇಷದ ಹೈಪರೇಕಿಯಾ ಎಂಬ ದರೋಡೆ ನೊಣವಾಗಿತ್ತು.

ಪ್ರಭೇದದ ಮಟ್ಟಕ್ಕೆ ಬಂದರೆ, ಅನೇಕ ಕುಲಗಳಲ್ಲಿ ಗಂಡಿನ ಜನನಾಂಗದ ಆಕಾರವನ್ನು ನೋಡದೆ ತಜ್ಞರೂ ಹೆಸರು ಕೊಡುವುದಿಲ್ಲ. ಆದ್ದರಿಂದ ಮುಂದಿನ ಸಲ ಪಕ್ಕದಿಂದ ಉದರದ ತುದಿ ಸ್ಪಷ್ಟವಾಗಿ ಕಾಣುವಂತೆ ಒಂದು, ಎದುರಿನಿಂದ ಮೀಸೆಯ ಬಣ್ಣ ಕಾಣುವಂತೆ ಒಂದು, ರೆಕ್ಕೆಯನ್ನು ತುಸು ಅಗಲಿಸಿದ ಕ್ಷಣದಲ್ಲಿ ಒಂದು ಚಿತ್ರ ತೆಗೆಯಿರಿ. ಬೇಟೆಯನ್ನು ಹೀರುವಾಗ ಅದು ಸುಲಭಕ್ಕೆ ಕದಲದು, ಹಾರಿದರೂ ಬಹಳ ಸಲ ಅದೇ ಕಡ್ಡಿಗೆ ಮರಳುತ್ತದೆ. ಸುಮ್ಮನೆ ಕಾದರೆ ಸಾಕು. ಉದರದ ತುದಿಯಲ್ಲಿ ಬಿಳಿ ಕುಚ್ಚಿದ್ದರೆ ಅದು ಪ್ರೊಮ್ಯಾಕಸ್ ಗಂಡಿರಬಹುದು. ಹೆಣ್ಣಿನ ತುದಿಯಲ್ಲಿ ಮುಳ್ಳುಗಳ ಸುತ್ತು ಕಂಡರೆ ಫಿಲೋಡಿಕಸ್ ಕಡೆಗೆ ನೋಡಬೇಕು.

ಪ್ರಶ್ನೆ ಕೇಳಿದವರ ಮರುಮಾತು

ಇಂದು ಬೆಳಿಗ್ಗೆ ಹತ್ತಕ್ಕೆ ಬಿಸಿಲೇರಿದ ಮೇಲೆ ಅದೇ ಕಡ್ಡಿಯ ಬಳಿ ಕುಳಿತು ಮೂರೂ ಚಿತ್ರಗಳನ್ನು ತೆಗೆದೆ. ಬಿಳಿ ಕುಚ್ಚು ಇದೆ, ಕೋಶಗಳು ಮೂರು. ಇದು ಮೊನ್ನೆಯ ನೊಣವೇ ಎಂದು ಹೇಳಲಾರೆನಾದ್ದರಿಂದ ಹಳೆಯ ಚಿತ್ರದ ಕೆಳಗೆ ‘ದರೋಡೆ ನೊಣ’ ಎಂದೂ, ಹೊಸದರ ಕೆಳಗೆ ‘ಪ್ರೊಮ್ಯಾಕಸ್, ಗಂಡು’ ಎಂದೂ ಬರೆದಿಟ್ಟಿದ್ದೇನೆ.