ನಾಲಾ ಪಕ್ಕದ ನಿವೇಶನ: ಎನ್.ಎ. ಆಗಿದ್ದರೆ ಸಾಕೇ?

ಪ್ರಶ್ನೆ – ಕಲಬುರಗಿ ನಿವಾಸಿ
ಎಲ್ಲರಿಗೂ ಶರಣು. ನಗರದ ಹೊರವಲಯದ ಬಡಾವಣೆಯೊಂದರಲ್ಲಿ 30×40 ಅಡಿಯ ನಿವೇಶನ ನೋಡಿದ್ದೇವೆ. ಎನ್.ಎ. (ಕೃಷಿಯೇತರ ಬಳಕೆಯ) ಆದೇಶವೂ ಬಡಾವಣೆ ವಿನ್ಯಾಸದ ಅನುಮೋದನೆಯೂ ಇವೆ. ಆದರೆ ಕಳೆದ ಮಳೆಗಾಲದಲ್ಲಿ ಅದೇ ಸಾಲಿನ ಮನೆಯೊಂದರಲ್ಲಿ ಮೊಣಕಾಲುದ್ದ ನೀರು ನಿಂತು, ಜೋಳದ ಚೀಲ, ಫ್ರಿಜ್, ಮಕ್ಕಳ ಪುಸ್ತಕಗಳೆಲ್ಲ ಹಾಳಾದುದನ್ನು ಕಣ್ಣಾರೆ ಕಂಡೆ. ಮೂರು ಅಡಿ ಮುರುಮ್ (ಗರಸು ಮಣ್ಣು) ತುಂಬಿಸಿದರೆ ಚಿಂತೆಯಿಲ್ಲವೆಂದು ಮಾರುವವರು ಹೇಳುತ್ತಾರೆ. ನಂಬಬಹುದೇ?

ಉತ್ತರ – ನಿವೃತ್ತ ಭೂಮಾಪಕ
ಎನ್.ಎ. ಎಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಲು ಸಿಕ್ಕ ಅನುಮತಿ. ನೀರು ನುಗ್ಗುವುದಿಲ್ಲವೆಂಬ ಭರವಸೆ ಅದರಲ್ಲಿಲ್ಲ. ಹಳೆಯ ಗ್ರಾಮ ನಕ್ಷೆಯನ್ನು ತೆಗೆಸಿ, ಆ ಸರ್ವೆ ನಂಬರಿನಲ್ಲಿ ನಾಲಾ ಎಲ್ಲಿ ಹರಿಯುತ್ತಿತ್ತೆಂಬುದನ್ನು ನೋಡಿರಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಸ್ಥಳದಲ್ಲೇ ನಿಂತು ಹೋಲಿಸಬಹುದು. ಪಹಣಿಯಲ್ಲಿ ‘ಬ’ ಖರಾಬು ಎಷ್ಟಿದೆಯೆಂಬುದನ್ನೂ ಗಮನಿಸಿರಿ, ಏಕೆಂದರೆ ಹಳ್ಳ, ದಾರಿಗಳಂಥ ಸಾರ್ವಜನಿಕ ಜಾಗ ಅದರಲ್ಲಿ ಸೇರಿರುತ್ತದೆ.

ಒಂದು ಎಕರೆಯ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರ್ ನೀರಾಗುತ್ತದೆ. ಹೊಲವಿದ್ದಾಗ ಬದುಗಳು ಅದನ್ನು ತಡೆಯುತ್ತಿದ್ದವು, ಎರೆಮಣ್ಣಿನ ಬಿರುಕುಗಳು ಮೊದಲ ಮಳೆಯನ್ನು ಕುಡಿಯುತ್ತಿದ್ದವು. ಈಗ ಸಿಮೆಂಟ್ ರಸ್ತೆ ಮತ್ತು ತಾರಸಿಗಳಿಂದ ಅದರ ಬಹುಪಾಲು ಒಮ್ಮೆಲೇ ಇಳಿದು ಬರುತ್ತದೆ; ಅದನ್ನು ಹೊರಬೇಕಾದ ನಾಲಾ ಮಾತ್ರ ಎಷ್ಟೋ ಕಡೆ ಚರಂಡಿಯಷ್ಟು ಕಿರಿದಾಗಿದೆ. ನನ್ನ ವೃತ್ತಿಯಲ್ಲಿ ನನ್ನನ್ನು ಹೆಚ್ಚು ನೋಯಿಸಿದ ಸಂಗತಿ ಇದೇ.

ಉತ್ತರ – ಭೀಮಾತೀರದವ
ನಾವು ಅಫಜಲಪುರದ ಕಡೆಯವರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಮನೆ, ಬೆಳೆ ಎರಡೂ ಹೋದವು. ಆದರೂ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಹೊಳೆಗಿಂತ ಮೊದಲು ಊರು ತಲುಪುತ್ತದೆ, ದನಕರುಗಳನ್ನು ಹೊಡೆದುಕೊಂಡು ದಿಬ್ಬ ಏರಬಹುದು. ನಗರದ ನಾಲಾಕ್ಕೆ ಅಂಥ ಮುನ್ಸೂಚನೆಯಿಲ್ಲ.

ಉತ್ತರ – ಸಿವಿಲ್ ಎಂಜಿನಿಯರ್, ಬೀದರ್
ಮುರುಮ್ ತುಂಬಿಸಿದರೆ ನಿಮ್ಮಲ್ಲಿ ನಿಲ್ಲಬೇಕಾದ ನೀರು ಪಕ್ಕದವರ ಅಡುಗೆಮನೆಗೆ ಹೋಗುತ್ತದೆ, ಮುಂದೆ ಅವರೂ ತುಂಬಿಸುತ್ತಾರೆ. ಇಡೀ ನಿವೇಶನ ಎತ್ತರಿಸದೆ, ಮನೆಯ ಪಾಯವನ್ನಷ್ಟೇ ರಸ್ತೆಗಿಂತ ಮೇಲಕ್ಕೆ ತಂದು, ಸುತ್ತ ಮಣ್ಣಿನ ಜಾಗ ಬಿಡಿರಿ. ಭಾರತ್ ಗೃಹ ರಕ್ಷಾ ವಿಮೆಯಲ್ಲಿ ಪ್ರವಾಹದ ಹಾನಿ ಸೇರಿದೆ, ಆದರೆ ಅದು ಕಟ್ಟಡಕ್ಕೆ, ಮನೆಯ ಸಾಮಾನಿಗೇ ಹೊರತು ಜಾಗದ ಬೆಲೆಗಲ್ಲ. ನಿವೇಶನ ನಾಲಾದ ಹಳೆಯ ಹರಿವಿನ ಮೇಲೆಯೇ ಇದ್ದರೆ ದಯವಿಟ್ಟು ಕೊಳ್ಳಬೇಡಿರಿ.

ಪ್ರಶ್ನೆ ಕೇಳಿದವರು
ಮುಂಗಡ ಕೊಡುವುದನ್ನು ನಿಲ್ಲಿಸಿದ್ದೇನೆ. ಸೋಮವಾರ ಗ್ರಾಮ ನಕ್ಷೆಗೆ ಅರ್ಜಿ ಹಾಕಿ, ಆ ಹೊಲವನ್ನು ಹಿಂದೆ ಉಳುತ್ತಿದ್ದ ಹಿರಿಯರನ್ನೂ ಕಂಡು ಬರುತ್ತೇನೆ.