ಇಂಡಿಪೆಂಡೆಂಟ್ ಸಿನಿಮಾ ಮಾಡಿಕೊಂಡು ಹೊಟ್ಟೆಪಾಡು ನಡೆಯುತ್ತಾ?

ಕಟ್‌ಟುಕಟ್:

ಎಲ್ಲರಿಗೂ ನಮಸ್ಕಾರ. ನಾನು ಎಡಿಟರ್. ಒಂದು ಕಂಪನಿಗೆ ಪ್ರಾಡಕ್ಟ್ ವಿಡಿಯೋ, ಟ್ರೇನಿಂಗ್ ವಿಡಿಯೋ ಎಡಿಟ್ ಮಾಡುತ್ತೇನೆ. ಸಂಬಳ ಸರಿಯಾಗಿ ಬರುತ್ತದೆ, ಆದರೆ ಮನಸ್ಸೆಲ್ಲ ಸಿನಿಮಾದಲ್ಲೇ ಇದೆ. ಸ್ನೇಹಿತರನ್ನು ಕಟ್ಟಿಕೊಂಡು 24 ನಿಮಿಷದ ಒಂದು ಕಿರುಚಿತ್ರ ಮಾಡಿದ್ದೇನೆ. ಒಂದು ಫೀಚರ್‌ಗೆ (ಪೂರ್ಣಾವಧಿ ಸಿನಿಮಾಗೆ) ಸ್ಕ್ರಿಪ್ಟ್ ಕೂಡ ರೆಡಿ ಇದೆ.

ಕಿರುಚಿತ್ರವನ್ನು ಸಿಕ್ಕ ಸಿಕ್ಕ ಫೆಸ್ಟಿವಲ್‌ಗೆಲ್ಲ ಕಳಿಸುತ್ತಿದ್ದೇನೆ. ಎಂಟ್ರಿ ಫೀ ಕಟ್ಟಿ ಕಟ್ಟಿ ಉಳಿತಾಯ ಕರಗುತ್ತಿದೆ. ಒಂದೆರಡು ಕಡೆಯಿಂದ 'ಬೆಸ್ಟ್ ಡೆಬ್ಯೂ' ಅಂತ ಸರ್ಟಿಫಿಕೇಟ್ ಬಂತು. ಅದನ್ನು ನೋಡಿ ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಕೆಲಸ ಬಿಟ್ಟು ಪೂರ್ತಿ ಇಳಿದುಬಿಡಲಾ? ಇಂಡಿಪೆಂಡೆಂಟ್ ಆಗಿ ಸಿನಿಮಾ ಮಾಡುವವರು ನಿಜಕ್ಕೂ ಬದುಕು ಹೇಗೆ ನಡೆಸುತ್ತಾರೆ? ಈ ಲೈನಿನಲ್ಲಿ ಇರುವವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಬೂಮ್‌ಪೋಲ್:

ನಾನು ಲೊಕೇಶನ್ ಸೌಂಡ್ ರೆಕಾರ್ಡಿಸ್ಟ್. ನಡುನಡುವೆ ನನ್ನದೇ ಡಾಕ್ಯುಮೆಂಟರಿ ಮಾಡುತ್ತೇನೆ. ಮನೆ ಬಾಡಿಗೆ ಕಟ್ಟುವುದು ಸೌಂಡ್ ಕೆಲಸದಿಂದ. ಡಾಕ್ಯುಮೆಂಟರಿ ತನ್ನ ಖರ್ಚು ತಾನು ನೋಡಿಕೊಂಡರೆ ಅಷ್ಟೇ ಸಾಕು ಅನ್ನುವ ಲೆಕ್ಕ ನನ್ನದು. ಬೇಜಾರಿನಿಂದ ಹೇಳುತ್ತಿಲ್ಲ. ನನಗೆ ಪರಿಚಯ ಇರುವ ನಿರ್ದೇಶಕರಲ್ಲಿ ಹೆಚ್ಚಿನವರು ಹೀಗೇ ಬದುಕುತ್ತಾರೆ. ಒಬ್ಬರು ಬೇರೆಯವರ ಸಿನಿಮಾಗೆ ಕಲರ್ ಗ್ರೇಡಿಂಗ್ ಮಾಡುತ್ತಾರೆ. ಇನ್ನೊಬ್ಬರು ಸಬ್‌ಟೈಟಲ್ ಬರೆಯುತ್ತಾರೆ. ಮತ್ತೊಬ್ಬರು ಪಾಠ ಮಾಡುತ್ತಾರೆ.

ಹೆಸರು ಮಾಡಿದವರ ಕಥೆಯೂ ಬೇರೆಯಲ್ಲ. ಅಮೆರಿಕದ ನಿರ್ದೇಶಕ ಜಾನ್ ಕ್ಯಾಸವೆಟೀಸ್ ಬೇರೆಯವರ ಸಿನಿಮಾಗಳಲ್ಲಿ ನಟಿಸಿ, ಬಂದ ದುಡ್ಡನ್ನು ತಮ್ಮ ಸಿನಿಮಾಗೆ ಹಾಕುತ್ತಿದ್ದರು. ಕ್ರಿಸ್ಟೋಫರ್ ನೋಲನ್ ಅವರ ಮೊದಲ ಫೀಚರ್ 'ಫಾಲೋಯಿಂಗ್' (1998) ತಯಾರಾಗುವಾಗ ತಂಡದವರೆಲ್ಲ ವಾರವಿಡೀ ಬೇರೆ ಬೇರೆ ಕೆಲಸ ಮಾಡುತ್ತಿದ್ದರು. ಶೂಟಿಂಗ್ ವಾರದ ಕೊನೆಗೆ ಮಾತ್ರ. ಹಾಗೇ ಸುಮಾರು ಒಂದು ವರ್ಷ ಎಳೆಯಿತು. ಫಿಲ್ಮ್ ರೋಲ್ ದುಬಾರಿ. ಹಾಗಾಗಿ ಮೊದಲೇ ಚೆನ್ನಾಗಿ ರಿಹರ್ಸಲ್ ಮಾಡಿ, ಒಂದೋ ಎರಡೋ ಟೇಕ್‌ನಲ್ಲಿ ಸೀನ್ ಮುಗಿಸುತ್ತಿದ್ದರು. ನಿರ್ದೇಶಕ ಶಾನ್ ಬೇಕರ್ ಅವರಂತೂ 2024ರಲ್ಲಿ ಫ್ರಾನ್ಸಿನ ಕಾನ್ ಫೆಸ್ಟಿವಲ್‌ನ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಗೆದ್ದವರು. ಮರುವರ್ಷ ಇಂಡಿಪೆಂಡೆಂಟ್ ಸ್ಪಿರಿಟ್ ಅವಾರ್ಡ್ಸ್ ವೇದಿಕೆಯಲ್ಲಿ ನಿಂತು ಅವರು ಹೇಳಿದ್ದೂ ಇದೇ ವಿಷಯ. ಮೂರು ವರ್ಷ ತಿನ್ನುವ ಸಿನಿಮಾಗೆ ಮುಂಗಡವಾಗಿ ಸಿಗುವ ಸಂಭಾವನೆಯಲ್ಲಿ ಬದುಕು ನಡೆಯುವುದಿಲ್ಲ ಅಂದರು. ಪಾಮ್ ದೋರ್ ಗೆದ್ದವರ ಮಾತೇ ಹೀಗಿದ್ದರೆ ನಾವು ಲೆಕ್ಕ ಹಾಕಿಯೇ ಹೆಜ್ಜೆ ಇಡಬೇಕು, ಅಲ್ವಾ?

ಆದ್ದರಿಂದ ಕೆಲಸ ಈಗಲೇ ಬಿಡಬೇಡಿ. ಆದರೆ ಅಲ್ಲೇ ಕೂತುಬಿಡಲೂ ಬೇಡಿ. ಮೊದಲು ನಿಮ್ಮ ದುಡಿಮೆಯನ್ನು ಒಂದೊಂದಾಗಿ ಸಿನಿಮಾ ಕಡೆಗೆ ತಿರುಗಿಸಿ. ಎಡಿಟರ್ ಆಗಿರುವುದು ನಿಮ್ಮ ಅದೃಷ್ಟ. ಅಸಿಸ್ಟೆಂಟ್ ಎಡಿಟರ್ ಕೆಲಸವಿದೆ. ಡೈಲಾಗ್ ಎಡಿಟಿಂಗ್ ಇದೆ. ಟ್ರೇಲರ್ ಕಟ್ ಮಾಡುವುದಿದೆ. ಸೆಟ್‌ನಲ್ಲಿ ಕ್ಯಾಮೆರಾ ಕಾರ್ಡ್ ಕಾಪಿ ಮಾಡಿ, ಕಾಪಿ ಸರಿಯಾಗಿದೆಯಾ ಅಂತ ಚೆಕ್‌ಸಮ್ ನೋಡಿ, ಎರಡು ಮೂರು ಡ್ರೈವ್‌ನಲ್ಲಿ ಬ್ಯಾಕಪ್ ಇಡುವ ಡಿಐಟಿ ಕೆಲಸವಿದೆ. ಥಿಯೇಟರಿನಲ್ಲಿ ಓಡಿಸುವ ಡಿಜಿಟಲ್ ಕಾಪಿ, ಅಂದರೆ ಡಿಸಿಪಿ, ಮಾಡಿಕೊಡುವುದು ಇನ್ನೊಂದು. ಇದ್ಯಾವುದಕ್ಕೂ ನಿಮ್ಮ ಹೆಸರು ಪೋಸ್ಟರ್ ಮೇಲೆ ಬರುವುದಿಲ್ಲ. ಆದರೆ ನಾಳೆ ನಿಮ್ಮ ಫೀಚರ್‌ಗೆ ಬೇಕಾಗುವ ಕ್ಯಾಮೆರಾಮನ್, ಸೌಂಡ್‌ನವರು, ಪ್ರೊಡ್ಯೂಸರ್ ಎಲ್ಲ ನಿಮಗೆ ಸಿಗುವುದು ಅಲ್ಲೇ.

ಅವಕಾಶ ಹೇಗೆ ಬರುತ್ತದೆ ಅನ್ನುವುದಕ್ಕೆ ನನ್ನ ಕೆಲಸದ್ದೇ ಒಂದು ಸಣ್ಣ ವಿಷಯ ಹೇಳುತ್ತೇನೆ. ಯಾರದೋ ಮನೆಯಲ್ಲಿ ಶೂಟಿಂಗ್ ಅಂದರೆ ನಾನು ಮೊದಲು ನೋಡುವುದು ಫ್ರಿಜ್. ಅದರ ಮೋಟಾರ್ ಸದ್ದು ಕಿವಿಗೆ ಬೀಳುವುದಿಲ್ಲ, ಮೈಕಿಗೆ ಬೀಳುತ್ತದೆ. ಟೇಕ್ ನಡುವೆ ಅದು ನಿಂತುಹೋದರೆ ಎರಡು ಶಾಟ್ ಜೋಡಿಸುವಾಗ ಹಿನ್ನೆಲೆ ಸದ್ದು ಹಾರುತ್ತದೆ. ಇದು ಎಡಿಟರ್ ಆದ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಅದಕ್ಕೆ ಫ್ರಿಜ್ ಆಫ್ ಮಾಡಿ ನನ್ನ ಗಾಡಿ ಕೀ ಒಳಗಿಡುತ್ತೇನೆ. ಸೌಂಡ್‌ನವರ ಹಳೇ ಅಭ್ಯಾಸ ಇದು. ಸಂಜೆ ಮನೆಗೆ ಹೊರಡಬೇಕಾದರೆ ಫ್ರಿಜ್ ತೆಗೆಯಲೇಬೇಕು, ಆಗ ಸ್ವಿಚ್ ಹಾಕುವುದು ಮರೆಯುವುದಿಲ್ಲ. ಆಮೇಲೆ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ ಅರ್ಧ ನಿಮಿಷ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗ ಆ ಕೋಣೆಯಲ್ಲಿರುವ ಸದ್ದು, ತೆಗೆದುಕೊಳ್ಳುತ್ತೇನೆ. ಸುಸ್ತಾಗಿದ್ದರೂ ಬಿಡುವುದಿಲ್ಲ.

ಒಮ್ಮೆ ಹೀಗೆ ಕೀ ಇಡುವುದನ್ನು ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ನೋಡಿದರು. ಅವರೇ ನಂತರ ಒಂದು ದೊಡ್ಡ ಡಾಕ್ಯುಮೆಂಟರಿ ಸೀರೀಸ್‌ಗೆ ನನ್ನ ಹೆಸರು ಹೇಳಿದರು. ನನ್ನ ಶೋರೀಲ್ (ಹಿಂದಿನ ಕೆಲಸದ ತುಣುಕುಗಳು) ಅವರು ನೋಡಿಯೇ ಇರಲಿಲ್ಲ. ಮನೆಯವರ ವಸ್ತು ಕೆಡಬಾರದು ಅಂತ ಯೋಚಿಸುವವರು ಬೇಕಿತ್ತಂತೆ, ಅಷ್ಟೇ. ನನಗೆ ಬಂದ ಕೆಲಸಗಳಲ್ಲಿ ಹೆಚ್ಚಿನವು ಹೀಗೇ ಬಾಯಿಂದ ಬಾಯಿಗೆ ಬಂದವು.

ಪುಕ್ಕಟೆ ಕೆಲಸದ ಬಗ್ಗೆಯೂ ಹೇಳಿಬಿಡುತ್ತೇನೆ. 'ಎಕ್ಸ್‌ಪೋಶರ್ ಸಿಗುತ್ತೆ' ಅಂತ ಕರೆಯುವವರು ಬಹಳ ಜನ. ನಾನು ಒಪ್ಪುವುದು ನಂಬಿಕೆ ಇರುವ ಸ್ನೇಹಿತರ ಸಿನಿಮಾಗೆ ಮಾತ್ರ. ಅದಕ್ಕೂ ಎಷ್ಟು ದಿನ ಅಂತ ಮೊದಲೇ ಬರೆದುಕೊಳ್ಳುತ್ತೇವೆ. ಮೈಕ್, ರೆಕಾರ್ಡರ್ ಬಾಡಿಗೆ ಅವರೇ ಕೊಡಬೇಕು. ದುಡ್ಡು ಕೊಡುವ ಕೆಲಸವಾದರೆ ಅರ್ಧ ಅಡ್ವಾನ್ಸ್ ಬಂದ ಮೇಲೆಯೇ ಸೆಟ್‌ಗೆ ಹೋಗುವುದು. ಕೇಳೋಕೆ ಸಂಕೋಚ ಬೇಡ. ನಿಜವಾಗಿ ಸಿನಿಮಾ ಮಾಡುವವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನು ಫೆಸ್ಟಿವಲ್ ವಿಷಯ. ಸಿಕ್ಕ ಸಿಕ್ಕ ಕಡೆ ಕಳಿಸುವುದನ್ನು ಇವತ್ತೇ ನಿಲ್ಲಿಸಿ. ತಿಂಗಳಿಗೊಮ್ಮೆ 'ನಡೆಯುವ' ಫೆಸ್ಟಿವಲ್‌ಗಳಿವೆ. ಥಿಯೇಟರ್ ಇಲ್ಲ, ಪ್ರೇಕ್ಷಕರಿಲ್ಲ, ಬರೀ ಫೀ ಮತ್ತು ಸರ್ಟಿಫಿಕೇಟ್. ನಿಮ್ಮ 'ಬೆಸ್ಟ್ ಡೆಬ್ಯೂ' ಅಂಥದ್ದೇ ಇರಬಹುದು. ಹೋದ ವರ್ಷ ಅಲ್ಲಿ ಯಾವ ಸಿನಿಮಾ ತೋರಿಸಿದರು, ಯಾವ ಥಿಯೇಟರ್, ಜ್ಯೂರಿಯಲ್ಲಿ ಯಾರಿದ್ದರು ನೋಡಿ. ಅದು ಎಲ್ಲೂ ಕಾಣದಿದ್ದರೆ ಕಳಿಸಬೇಡಿ.

24 ನಿಮಿಷವೂ ಒಂದು ತೊಡಕು. ಕಾನ್‌ನ ಕಿರುಚಿತ್ರ ಸ್ಪರ್ಧೆಗೆ ಮಿತಿ 15 ನಿಮಿಷ. ಆಸ್ಕರ್ ನಿಯಮದಲ್ಲಿ ಟೈಟಲ್‌ಗಳೂ ಸೇರಿ 40 ನಿಮಿಷದವರೆಗೆ ಕಿರುಚಿತ್ರ ಅನ್ನುತ್ತಾರೆ. ಆದರೆ ಒಂದೂವರೆ ಗಂಟೆಯ ಒಂದು ಪ್ರದರ್ಶನದಲ್ಲಿ ಏಳೆಂಟು ಕಿರುಚಿತ್ರ ಹೊಂದಿಸಬೇಕಾದ ಪ್ರೋಗ್ರಾಮರ್‌ಗೆ (ಫೆಸ್ಟಿವಲ್‌ಗೆ ಸಿನಿಮಾ ಆರಿಸುವವರಿಗೆ) ನಿಮ್ಮದೊಂದು ಎರಡು ಸಿನಿಮಾದ ಜಾಗ ತಿನ್ನುತ್ತದೆ. ಅಷ್ಟು ಜಾಗ ಕೊಡಬೇಕಾದರೆ ಅವರಿಗೆ ಸಿನಿಮಾ ತುಂಬಾ ಇಷ್ಟವಾಗಿರಬೇಕು. 15ಕ್ಕೆ ಇಳಿಸೋಕೆ ಆಗುತ್ತಾ ಅಂತ ಎಡಿಟರ್ ಕಣ್ಣಲ್ಲಿ ಒಮ್ಮೆ ನೋಡಿ. ಕಥೆ ಸಾಯುವುದಾದರೆ ಬೇಡ.

ಕಾಲ್‌ಶೀಟ್:

ನಾನು ಪ್ರೊಡಕ್ಷನ್ ಕಡೆಯವಳು. ಬೂಮ್‌ಪೋಲ್ ಹೇಳಿದ್ದಕ್ಕೆ ಪೇಪರ್ ಕೆಲಸದ ಎರಡು ಮಾತು ಸೇರಿಸುತ್ತೇನೆ.

ಸಿನಿಮಾ ನಿಮ್ಮದು ಅಂತ ಕಾಗದದಲ್ಲಿ ತೋರಿಸಲು ಆಗದಿದ್ದರೆ ಯಾರೂ ಕೊಳ್ಳುವುದಿಲ್ಲ. ಸ್ನೇಹಿತರ ಜೊತೆ ಮಾಡಿದ್ದೀರಿ ಅಂದಿರಿ. ನಟರ ರಿಲೀಸ್ ಫಾರ್ಮ್ (ಅವರ ದೃಶ್ಯ ಬಳಸಲು ಲಿಖಿತ ಒಪ್ಪಿಗೆ), ಕಥೆ ಬರೆದವರ ಒಪ್ಪಿಗೆ, ಸಂಗೀತದ ಹಕ್ಕು, ಲೊಕೇಶನ್ ಅನುಮತಿ ಎಲ್ಲ ಇದೆಯಾ? ಇಲ್ಲದಿದ್ದರೆ ಸ್ನೇಹ ಚೆನ್ನಾಗಿರುವಾಗಲೇ ಸಹಿ ಹಾಕಿಸಿಕೊಳ್ಳಿ. ಹಿನ್ನೆಲೆಯಲ್ಲಿ ರೇಡಿಯೋದಲ್ಲಿ ಯಾವುದೋ ಹಾಡು ಕೇಳಿಸಿದರೂ ಅದರ ಹಕ್ಕು ಬೇಕು. ಫೆಸ್ಟಿವಲ್‌ಗೆ ಮಾತ್ರ ಅಂತ ಕಡಿಮೆಗೆ ಲೈಸೆನ್ಸ್ ತೆಗೆದುಕೊಂಡಿದ್ದರೆ, ಟಿವಿಗೆ ಮಾರುವಾಗ ಮತ್ತೆ ಕೊಡಬೇಕಾಗುತ್ತದೆ.

ಸಿನಿಮಾವನ್ನು ದೇಶ ದೇಶಗಳಿಗೆ ಮಾರಿಕೊಡುವ ಸೇಲ್ಸ್ ಏಜೆಂಟ್ ಸಿಕ್ಕಿದರು ಅಂತ ಖುಷಿಯಲ್ಲಿ ಸಹಿ ಹಾಕಬೇಡಿ. ಕಮಿಷನ್ ಸಾಮಾನ್ಯವಾಗಿ ಶೇಕಡ 20ರಿಂದ 30ರ ಸುತ್ತ ಇರುತ್ತದೆ. ಜಾಸ್ತಿ ಪೆಟ್ಟು ಬೀಳುವುದು ಕಮಿಷನ್‌ನಿಂದಲ್ಲ, 'ಖರ್ಚು' ಅನ್ನುವ ಸಾಲಿನಿಂದ. ಪೋಸ್ಟರ್, ಪ್ರಯಾಣ, ಮಾರ್ಕೆಟ್ ಸ್ಟಾಲ್ ಎಲ್ಲವನ್ನೂ ನಿಮ್ಮ ಪಾಲಿನಿಂದಲೇ ಮುರಿದುಕೊಳ್ಳುತ್ತಾರೆ. ನಾನು ಕೆಲಸ ಮಾಡಿದ ಒಂದು ಸಿನಿಮಾ ಹಲವು ದೇಶಗಳಿಗೆ ಮಾರಾಟವಾಯಿತು. ನಿರ್ದೇಶಕಿಗೆ ಬಂದ ಲೆಕ್ಕಪತ್ರದಲ್ಲಿ ಕೊನೆಯ ಸಾಲು ಮೈನಸ್‌ನಲ್ಲಿತ್ತು. ಖರ್ಚಿಗೆ ಮಿತಿ ಹಾಕಿಸಿರಲಿಲ್ಲ. ಆಕೆ ಆ ಸಿನಿಮಾಗೆ ವರ್ಷಗಟ್ಟಲೆ ದುಡಿದಿದ್ದರು. ಆ ಹಾಳೆ ನೋಡಿದಾಗ ನನಗೆ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಅದಕ್ಕೆ ಖರ್ಚಿಗೆ ಮಿತಿ ಬರೆಸಿ. ಎಷ್ಟು ವರ್ಷ, ಯಾವ ದೇಶಗಳು, ಯಾವ ಹಕ್ಕು ಅಂತ ಬಿಡಿಬಿಡಿಯಾಗಿ ಬರೆಸಿ. ಹದಿನೈದು ವರ್ಷ ಕೇಳಿದರೆ ಐದೋ ಏಳೋ ಅನ್ನಿ. ಶಾಲೆ ಕಾಲೇಜುಗಳಲ್ಲಿ ತೋರಿಸುವ ಹಕ್ಕು, ವಿಮಾನದಲ್ಲಿ ತೋರಿಸುವ ಹಕ್ಕು ಇವೆಲ್ಲ ಬೇರೆ ಬೇರೆ. ನಿಮ್ಮದೇ ವೆಬ್‌ಸೈಟಿನಲ್ಲಿ ಮಾರುವ ಹಕ್ಕನ್ನಾದರೂ ಕೈಯಲ್ಲಿಟ್ಟುಕೊಳ್ಳಿ.

ಕಟ್‌ಟುಕಟ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಿಲೀಸ್ ಫಾರ್ಮ್ ವಿಷಯ ನನ್ನ ತಲೆಗೇ ಬಂದಿರಲಿಲ್ಲ, ಈ ವಾರವೇ ಎಲ್ಲರ ಮನೆಗೆ ಹೋಗುತ್ತೇನೆ. ಇನ್ನೊಂದು ಕೇಳಬೇಕಿತ್ತು. ಫೀಚರ್ ಸ್ಕ್ರಿಪ್ಟ್‌ಗೆ ಗ್ರಾಂಟ್, ಲ್ಯಾಬ್ ಅಂತೆಲ್ಲ ಇರುತ್ತವಲ್ಲ, ಅವು ನಮ್ಮಂಥವರಿಗೂ ಸಿಗುತ್ತವಾ? ಗುರುತು ಪರಿಚಯ ಇಲ್ಲದೆ?

ಬೂಮ್‌ಪೋಲ್:

ಸಿಗುತ್ತವೆ. ಪರಿಚಯ ಇಲ್ಲದವರಿಗಾಗಿಯೇ ಇರುವ ಬಾಗಿಲುಗಳು ಅವು. ಆದರೆ ಪ್ರತಿಯೊಂದಕ್ಕೂ ಅದರದೇ ಷರತ್ತು ಇರುತ್ತದೆ. ಅದನ್ನು ಓದದೆ ಒಂದೇ ಅರ್ಜಿಯನ್ನು ಎಲ್ಲ ಕಡೆ ಕಳಿಸಿದರೆ ಕೆಲಸಕ್ಕೆ ಬರುವುದಿಲ್ಲ.

ರಾಟರ್‌ಡ್ಯಾಮ್ ಫೆಸ್ಟಿವಲ್‌ನ ಹ್ಯೂಬರ್ಟ್ ಬಾಲ್ಸ್ ಫಂಡ್ 1988ರಿಂದ ಇದೆ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದಂಥ ಕಡೆಯ ನಿರ್ದೇಶಕರಿಗೆ ಸ್ಕ್ರಿಪ್ಟ್ ಹಂತದಲ್ಲೇ ದುಡ್ಡು ಕೊಡುತ್ತದೆ. ನಿಮ್ಮ ಸ್ಥಿತಿಗೆ ಮೊದಲು ನೋಡಬೇಕಾದದ್ದು ಇದು. ಬರ್ಲಿನ್ ಫೆಸ್ಟಿವಲ್‌ನ ವರ್ಲ್ಡ್ ಸಿನಿಮಾ ಫಂಡ್ 2004ರಲ್ಲಿ ಶುರುವಾಯಿತು. ಅಲ್ಲಿ ನಿರ್ಮಾಣಕ್ಕೆ ದುಡ್ಡು ಬೇಕಾದರೆ ಜರ್ಮನಿಯ ಒಬ್ಬ ಪ್ರೊಡ್ಯೂಸರ್ ಜೊತೆಗಿರಬೇಕು. ಹಾಗಾಗಿ ಅದು ಮುಂದಿನ ಹಂತದ ಮಾತು. ಸ್ವಿಟ್ಜರ್ಲೆಂಡಿನ ಲೊಕಾರ್ನೋ ಫೆಸ್ಟಿವಲ್‌ನ ಓಪನ್ ಡೋರ್ಸ್ ಕೆಲವು ವರ್ಷಕ್ಕೊಮ್ಮೆ ಒಂದೊಂದು ಭಾಗದ ದೇಶಗಳನ್ನು ಆರಿಸಿಕೊಳ್ಳುತ್ತದೆ, ನಿಮ್ಮ ದೇಶ ಆ ಪಟ್ಟಿಯಲ್ಲಿದ್ದಾಗ ಮಾತ್ರ ಪ್ರಯೋಜನ. ಡಾಕ್ಯುಮೆಂಟರಿಯಾದರೆ ಆಮ್‌ಸ್ಟರ್‌ಡ್ಯಾಮ್‌ನ ಡಾಕ್ಯುಮೆಂಟರಿ ಫೆಸ್ಟಿವಲ್ ಇಡ್ಫಾದ ಬರ್ಥಾ ಫಂಡ್ ಇದೆ. ಕಿರುಚಿತ್ರಕ್ಕೆ ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ. ಅಲ್ಲಿ ಫೆಸ್ಟಿವಲ್ ಜೊತೆಗೆ ಕಿರುಚಿತ್ರಗಳದ್ದೇ ಮಾರ್ಕೆಟ್ ನಡೆಯುತ್ತದೆ. ಟಿವಿಯವರು ಕೊಳ್ಳಲೆಂದೇ ಬರುತ್ತಾರೆ.

ಲ್ಯಾಬ್ ಅಂದರೆ ದುಡ್ಡಿಗಿಂತ ಜನ. ಅಮೆರಿಕದ ನಟ ರಾಬರ್ಟ್ ರೆಡ್‌ಫೋರ್ಡ್ 1981ರಲ್ಲಿ ಸನ್‌ಡ್ಯಾನ್ಸ್ ಇನ್‌ಸ್ಟಿಟ್ಯೂಟ್ ಶುರುಮಾಡಿದಾಗ ಇದ್ದದ್ದು ಇದೇ. ಹೊಸ ನಿರ್ದೇಶಕರು ಸ್ಕ್ರಿಪ್ಟ್ ತರುವುದು, ಅನುಭವ ಇರುವವರು ಜೊತೆಗೆ ಕೂತು ಅದನ್ನು ಬಿಚ್ಚಿ ನೋಡುವುದು. ಹಾಗೆ ಜೊತೆಗೆ ಕೂತವರು ಮುಂದೆ ನಿಮಗಾಗಿ ಒಂದು ಫೋನ್ ಮಾಡುತ್ತಾರೆ. ನನ್ನ ಪ್ರಕಾರ ಅದು ಗ್ರಾಂಟ್‌ಗಿಂತ ಹೆಚ್ಚು ದಿನ ಬಾಳುತ್ತದೆ.

ಅರ್ಜಿಯ ಬಗ್ಗೆ ಒಂದು ಮಾತು. ನಾನು ಬೇರೆಯವರ ಅರ್ಜಿಗಳನ್ನು ಓದಿಕೊಡುತ್ತೇನೆ. 'ಇದು ಮಾನವೀಯ ಸಂಬಂಧಗಳ ಕಥೆ' ಅಂತ ಶುರುವಾದರೆ ಓದುವವರಿಗೆ ಏನೂ ಕಾಣುವುದಿಲ್ಲ. ಯಾರು, ಏನು ಬೇಕು, ಯಾವುದು ಅಡ್ಡ ಬರುತ್ತದೆ, ಇದನ್ನು ನೀವೇ ಯಾಕೆ ತೆಗೆಯಬೇಕು, ಇವನ್ನು ಮೊದಲ ಅರ್ಧ ಪುಟದಲ್ಲೇ ಬರೆಯಿರಿ. ಬಜೆಟ್‌ನಲ್ಲಿ ನಿಮ್ಮ ಸಂಭಾವನೆಯನ್ನು ಸೊನ್ನೆ ಅಂತ ಹಾಕಬೇಡಿ. ತ್ಯಾಗ ಮಾಡುತ್ತಿದ್ದೇನೆ ಅಂತ ತೋರಿಸಿದರೆ ಮೆಚ್ಚುತ್ತಾರೆ ಅಂದುಕೊಳ್ಳುತ್ತಾರೆ ಹೊಸಬರು. ಆದರೆ ಇವರಿಗೆ ಲೆಕ್ಕ ಬರುವುದಿಲ್ಲ ಅಂತ ಅರ್ಜಿ ಓದುವವರು ಅಂದುಕೊಳ್ಳುತ್ತಾರೆ. ನಿರ್ದೇಶಕರ ದುಡಿಮೆಗೂ ಬೆಲೆ ಇದೆ, ಅದನ್ನು ನಾವೇ ಬರೆಯದಿದ್ದರೆ ಬೇರೆ ಯಾರು ಬರೆಯುತ್ತಾರೆ?

ಕಿರುಚಿತ್ರಕ್ಕೆ ಬಂದರೆ, ನಿಮ್ಮ ಮಿಕ್ಸ್‌ನಲ್ಲಿ ಎಂ ಅಂಡ್ ಇ ಟ್ರ್ಯಾಕ್ ಇದೆಯಾ? ಮಾತು ಬಿಟ್ಟು ಸಂಗೀತ ಮತ್ತು ಉಳಿದ ಸದ್ದುಗಳಷ್ಟೇ ಇರುವ ಟ್ರ್ಯಾಕ್. ಡಬ್ಬಿಂಗ್ ಮಾಡುವ ಟಿವಿಯವರು ಮೊದಲು ಕೇಳುವುದು ಅದನ್ನೇ. ಮಿಕ್ಸ್ ಮಾಡುವಾಗಲೇ ತೆಗೆದರೆ ಸುಲಭ, ಎರಡು ವರ್ಷ ಬಿಟ್ಟು ಮಾಡಬೇಕಾದರೆ ಹೆಜ್ಜೆ ಸದ್ದು, ಬಾಗಿಲ ಸದ್ದು ಎಲ್ಲ ಮತ್ತೆ ರೆಕಾರ್ಡ್ ಮಾಡಬೇಕು.

ಕಾಲ್‌ಶೀಟ್:

ಸಬ್‌ಟೈಟಲ್ ಇಲ್ಲದ ಕ್ಲೀನ್ ಕಾಪಿಯನ್ನೂ ಬೇರೆಯಾಗಿ ಇಟ್ಟಿರಿ. ಕೊಳ್ಳುವವರು ಅದನ್ನೂ ಕೇಳುತ್ತಾರೆ. ಇನ್ನೊಂದು, ದೊಡ್ಡ ಫೆಸ್ಟಿವಲ್‌ಗಳ ಉತ್ತರ ಬರುವವರೆಗೆ ಸಿನಿಮಾವನ್ನು ಯೂಟ್ಯೂಬ್‌ಗೆ ಹಾಕಬೇಡಿ. ಪ್ರೀಮಿಯರ್ (ಸಿನಿಮಾದ ಮೊದಲ ಪ್ರದರ್ಶನ) ತಮ್ಮಲ್ಲೇ ಬೇಕು ಅನ್ನುವ ಕಡೆ ಬಾಗಿಲು ಮುಚ್ಚಿಹೋಗುತ್ತದೆ. ಫೀ ಕಟ್ಟಲು ಕಷ್ಟ ಆದರೆ ನೇರವಾಗಿ ಇಮೇಲ್ ಮಾಡಿ ವೇವರ್ (ಫೀ ಮನ್ನಾ) ಕೇಳಿ. ಸಿನಿಮಾ ಏನು, ಅವರ ಫೆಸ್ಟಿವಲ್‌ಗೇ ಯಾಕೆ ಅಂತ ನಾಲ್ಕು ಸಾಲು ಸಾಕು. ಕೊಡುವವರು ಇದ್ದಾರೆ.

ಕಟ್‌ಟುಕಟ್:

ಎಂ ಅಂಡ್ ಇ ಇಲ್ಲ. ಆದರೆ ಸೌಂಡ್ ಪ್ರಾಜೆಕ್ಟ್ ಫೈಲ್ ಹಾರ್ಡ್ ಡಿಸ್ಕ್‌ನಲ್ಲಿ ಹಾಗೇ ಇದೆ.

ಬೂಮ್‌ಪೋಲ್:

ಅಷ್ಟಿದ್ದರೆ ಸಾಕು. ಇವತ್ತೇ ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿ. ರೂಮ್ ಟೋನ್ ರೆಕಾರ್ಡಿಂಗ್‌ಗಳೂ ಜೊತೆಗಿವೆಯಾ ನೋಡಿ, ಮಾತು ತೆಗೆದ ಜಾಗಗಳನ್ನು ಅದರಿಂದಲೇ ತುಂಬಬೇಕು. ಸಿನಿಮಾ ಲಿಂಕ್ ಮೆಸೇಜ್‌ನಲ್ಲಿ ಕಳಿಸಿ. ಯಾವ ಯಾವ ಸೀನ್‌ನಲ್ಲಿ ಹೊಸದಾಗಿ ಫೋಲಿ (ಹೆಜ್ಜೆ, ಬಾಗಿಲಿನಂಥ ಸದ್ದುಗಳ ಮರು ರೆಕಾರ್ಡಿಂಗ್) ಬೇಕಾಗುತ್ತದೆ ಅಂತ ಟೈಮ್‌ಕೋಡ್ ಹಾಕಿ ಬರೆದುಕೊಡುತ್ತೇನೆ.