ಸದ್ಯಕ್ಕೆ ಸ್ಟೇರಿಂಗ್ ಪೂರ್ತಿ ತಿರುಗಿಸಬೇಡ

ತಂಗೀ, ರಾತ್ರಿ ಹನ್ನೊಂದಕ್ಕೆ ನೀನು ಗುಂಪಿನಲ್ಲಿ ಕೇಳಿದ್ದನ್ನು ಈಗ ಕಾಫಿಯ ಹೊತ್ತಿಗೆ ಓದಿದೆ. ನಿನ್ನ ಮಗ ಶೆಡ್ಡಿನಲ್ಲಿ ಕುಳಿತು ಕಾರಿಗೆ ಹೊಸ ಸ್ಟೇರಿಂಗ್ ಚಕ್ರವನ್ನು ತಾನೇ ಹಾಕಿದ್ದಾನೆ. ಅಂದಿನಿಂದ ಏರ್‌ಬ್ಯಾಗಿನ ಕೆಂಪು ದೀಪ ಆರುತ್ತಿಲ್ಲ, ಹಾರ್ನ್ ಕೂಗುತ್ತಿಲ್ಲ, ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಎಡಕ್ಕೆ ವಾಲಿ ನಿಲ್ಲುತ್ತದೆ. ಭಾನುವಾರ ಇದೇ ಕಾರಿನಲ್ಲಿ ತುಮಕೂರಿನ ನಿಶ್ಚಿತಾರ್ಥಕ್ಕೆ ಹೋಗಬಹುದೇ ಎಂಬುದು ನಿನ್ನ ಪ್ರಶ್ನೆ. ಕಳೆದ ಸಲ ನಾನು ಕಳಿಸಿದ ಧ್ವನಿ ಸಂದೇಶವನ್ನು ಎರಡು ನಿಮಿಷಕ್ಕಿಂತ ಮುಂದೆ ಯಾರೂ ಕೇಳಲಿಲ್ಲವೆಂದು ಗೊತ್ತಾದ್ದರಿಂದ, ಹೇಳಬೇಕಾದದ್ದನ್ನು ಈ ಸಲ ಬರೆದೇ ಕಳಿಸುತ್ತಿದ್ದೇನೆ.

ನನ್ನ ಬೂದು ಬಣ್ಣದ ಕಾರಿಗೆ ‘ಮೂಗ’ ಎಂಬ ಹೆಸರು ಬಂದದ್ದು ನಿಮಗೆಲ್ಲ ಗೊತ್ತು. ಯಾಕೆ ಬಂತೆಂದು ಮಾತ್ರ ಯಾರೂ ಕೇಳಲಿಲ್ಲ. 2018ರ ಆಯುಧ ಪೂಜೆಗೆ ಎರಡು ದಿನ ಮುಂಚೆ, ಚರ್ಮದ ಹೊದಿಕೆಯ ಒಂದು ಸ್ಟೇರಿಂಗ್ ಚಕ್ರ ಒಳ್ಳೆಯ ಬೆಲೆಗೆ ಸಿಕ್ಕಿತೆಂದು ತಂದು, ವಿದ್ಯಾನಗರದ ಮನೆಯ ಮುಂದೆ ನಾನೇ ಕೂಡಿಸಿದೆ. ಬ್ಯಾಟರಿಯ ತಂತಿ ಬಿಚ್ಚಿದೆ, ಹತ್ತು ನಿಮಿಷ ಕಾದೆ, ಏರ್‌ಬ್ಯಾಗಿನ ಹಳದಿ ಕನೆಕ್ಟರನ್ನು ಮಗುವಿನ ಕಿವಿಯ ಓಲೆ ತೆಗೆದ ಹಾಗೆ ತೆಗೆದೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಹಳೆಯ ಚಕ್ರ ಕೈಗೆ ಬಂದ ಮೇಲೆ ಅದರ ಹಿಂದೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಕಾಣಿಸಿತು. ಅದೇನೆಂದು ತಿಳಿಯದೆ, ಮಕ್ಕಳು ಬುಗುರಿ ತಿರುಗಿಸಿದಂತೆ, ಅದನ್ನು ಬೆರಳಲ್ಲಿ ಸುಮಾರು ಒಂದೂಕಾಲು ಸುತ್ತು ತಿರುಗಿಸಿ ನೋಡಿದೆ. ಅದರ ಮೇಲೆಯೇ ಹೊಸ ಚಕ್ರ ಕೂಡಿಸಿ ನಟ್ ಬಿಗಿದೆ. ಹಾರ್ನ್ ಕೂಗಿತು, ದೀಪ ಹತ್ತಿ ಆರಿತು, ಪೂಜೆಯ ದಿನ ನಾಲ್ಕು ನಿಂಬೆಹಣ್ಣು ಹಿಚುಕಿಸಿ ಕಾರು ಮುಂದಕ್ಕೆ ಹೋಯಿತು. ನಾನು ದೊಡ್ಡ ಮೆಕ್ಯಾನಿಕ್ ಆದೆನೆಂದು ಬೀಗಿದೆ.

ಆ ಬಿಲ್ಲೆಯನ್ನು ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ. ಚಕ್ರ ತಿರುಗುತ್ತದೆ, ಅದರ ಕೆಳಗಿನ ಕಂಬದ ಹೊರಕವಚ ತಿರುಗುವುದಿಲ್ಲ. ನಡುವೆ ಸಾಮಾನ್ಯ ತಂತಿ ಇದ್ದರೆ ಹೊಸೆದು ತುಂಡಾಗುತ್ತಿತ್ತು. ಅದಕ್ಕಾಗಿ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಚಪ್ಪಟೆ ಪಟ್ಟಿಯೊಂದನ್ನು ಒಳಗಿಟ್ಟು, ಒಂದು ಕಡೆ ತಿರುಗಿಸಿದರೆ ಬಿಚ್ಚಿಕೊಳ್ಳುವಂತೆ, ಇನ್ನೊಂದು ಕಡೆ ತಿರುಗಿಸಿದರೆ ಸುತ್ತಿಕೊಳ್ಳುವಂತೆ ಮಾಡಿರುತ್ತಾರೆ. ಏರ್‌ಬ್ಯಾಗ್, ಹಾರ್ನ್, ಹಾಡಿನ ಗುಂಡಿ ಎಲ್ಲವೂ ಈ ಒಂದೇ ಪಟ್ಟಿಯ ಮೂಲಕ ಹೋಗುತ್ತವೆ. ಬಹಳಷ್ಟು ಕಾರುಗಳಲ್ಲಿ ನಡುವಿನಿಂದ ಆ ಕಡೆಗೆ ಎರಡೂವರೆ ಸುತ್ತು, ಈ ಕಡೆಗೆ ಎರಡೂವರೆ ಸುತ್ತು, ಅಷ್ಟೇ ಅದರ ಆಯುಷ್ಯ. ನಾನು ಒಂದೂಕಾಲು ಸುತ್ತನ್ನು ಮೊದಲೇ ತಿಂದು ಹಾಕಿದ್ದರಿಂದ ಎಡಕ್ಕೆ ಉಳಿದದ್ದು ಒಂದೂಕಾಲು. ಸ್ಟೇರಿಂಗ್ ಕೊನೆಯವರೆಗೆ ಹೋಗಲು ಬೇಕಾದದ್ದು ಒಂದೂವರೆಗಿಂತ ಸ್ವಲ್ಪ ಹೆಚ್ಚು. ಊರೊಳಗಿನ ಸಾಧಾರಣ ತಿರುವುಗಳಲ್ಲಿ ಏನೂ ತಿಳಿಯದೇ ಇದ್ದದ್ದು ಈ ಲೆಕ್ಕದಿಂದಲೇ.

ಹಬ್ಬ ಮುಗಿದ ಮೇಲೆ ನಿನ್ನ ಅತ್ತಿಗೆಗೆ ಕೋಟೆ ತೋರಿಸಲೆಂದು ಚಿತ್ರದುರ್ಗಕ್ಕೆ ಹೋದೆವು. ದೊಡ್ಡಪೇಟೆಯ ಒಂದು ಇಕ್ಕಟ್ಟಿನ ಓಣಿಯಲ್ಲಿ ಗಾಡಿ ತಿರುಗಿಸಲು ಎಡಕ್ಕೆ ಪೂರ್ತಿ ಎಳೆದಾಗ, ಒಣ ಜೋಳದ ಗರಿ ಹರಿದಂತೆ ಚಕ್ರದೊಳಗಿನಿಂದ ಸಣ್ಣ ಸದ್ದು ಬಂತು. ಕೂಡಲೇ ಕೆಂಪು ದೀಪ ಹತ್ತಿತು. ಯಾವುದೋ ತಂತಿ ಸಡಿಲವಾಗಿರಬೇಕು, ಊರಿಗೆ ಹೋಗಿ ನೋಡೋಣ ಎಂದುಕೊಂಡು ಹಾಗೆಯೇ ಹೆದ್ದಾರಿ ಹಿಡಿದೆ. ಭರಮಸಾಗರದ ಹತ್ತಿರ ಸರ್ವಿಸ್ ರಸ್ತೆಗೆ ಇಳಿದರೆ, ಅರ್ಧ ರಸ್ತೆಯ ತುಂಬ ಮೆಕ್ಕೆಜೋಳ ಹರವಿದ್ದರು. ಒಬ್ಬ ಅಜ್ಜಿ ನನಗೆ ಬೆನ್ನು ಮಾಡಿ ಕಾಲಿನಿಂದ ಜೋಳ ಕೆದರುತ್ತಾ ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದರು. ಹಾರ್ನ್ ಒತ್ತಿದೆ, ಸದ್ದಿಲ್ಲ. ಅಂಗೈ ಪೂರ್ತಿ ಊರಿ ಒತ್ತಿದೆ, ಸದ್ದಿಲ್ಲ. ಬ್ರೇಕ್ ಒತ್ತಿದರೆ ಜೋಳದ ಕಾಳಿನ ಮೇಲೆ ಟೈರು ಜಾರಿ, ಅವರ ಸೀರೆಯ ಸೆರಗಿಗೂ ಬಂಪರಿಗೂ ಒಂದು ಮೊಳ ಉಳಿದಾಗ ಗಾಡಿ ನಿಂತಿತು. ಆಕೆ ತಿರುಗಿ ನೋಡಿ, ‘ಒಂದು ಹಾರ್ನ್ ಹೊಡಿಯೋಕೆ ಆಗಲ್ವೇನಪ್ಪ’ ಎಂದರು. ಏನೆಂದು ಉತ್ತರಿಸಲಿ?

ಆದ್ದರಿಂದ ಅಳಿಯಾ, ಆ ಬಿಲ್ಲೆ ನಡುವಿನಲ್ಲಿದೆಯೆಂದು ಖಾತರಿಯಾಗುವವರೆಗೆ ಸ್ಟೇರಿಂಗನ್ನು ಯಾವ ಬದಿಗೂ ಕೊನೆಯವರೆಗೆ ತಿರುಗಿಸಬೇಡ. ಶೆಡ್ಡಿನಿಂದ ಹೊರಗೆ ತೆಗೆಯಲು ಕೂಡ ಬೇಡ.

ಊರಿಗೆ ಬಂದ ಮೇಲೆ ನಾನು ಮಾಡಿದ ಇನ್ನೊಂದು ದಡ್ಡತನವೆಂದರೆ ಪತ್ತೆಯನ್ನು ತಪ್ಪು ತುದಿಯಿಂದ ಶುರು ಮಾಡಿದ್ದು. ಫ್ಯೂಸ್ ಬದಲಿಸಿದೆ, ಆಮೇಲೆ ಹಾರ್ನನ್ನೇ ಬದಲಿಸಿದೆ. ಕೊನೆಗೆ ಪಿ.ಬಿ. ರಸ್ತೆಯ ಒಬ್ಬ ಎಲೆಕ್ಟ್ರಿಷಿಯನ್ ಹುಡುಗ ಬಂದು, ಹಾರ್ನಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇಯನ್ನು ಕಿತ್ತು ಅಲ್ಲಿಗೆ ಒಂದು ತುಂಡು ತಂತಿ ಜೋಡಿಸಿದ ಕೂಡಲೇ ಬೀದಿಗೆಲ್ಲ ಕೇಳುವಂತೆ ಕೂಗಿತು. ಹಾರ್ನ್ ಚೆನ್ನಾಗಿದೆ ಸರ್, ದೋಷ ಚಕ್ರದ ಕಡೆಯೇ ಇದೆ ಎಂದ. ಬಿಲ್ಲೆ ಬಿಚ್ಚಿ ಪಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟ: ಕಂದು ಬಣ್ಣದ ತೆಳುವಾದ ಹಾಳೆ, ಅದರೊಳಗೆ ಸೀರೆಯ ಜರಿಯಂಥ ತಾಮ್ರದ ಗೆರೆಗಳು, ಒಂದು ಕಡೆ ಮಡಿಕೆ ಬಿದ್ದು ಅಡ್ಡಲಾಗಿ ಹರಿದಿತ್ತು.

ನಿನ್ನದು ಹರಿದೇ ಹೋಗಿರಬೇಕೆಂದೇನೂ ಇಲ್ಲ. ಹಾರ್ನ್, ಹಾಡಿನ ಗುಂಡಿ, ಏರ್‌ಬ್ಯಾಗ್ ಮೂರೂ ಒಟ್ಟಿಗೆ ಕೆಟ್ಟಿದ್ದರೆ ಪಟ್ಟಿಯ ಮೇಲೆ ಅನುಮಾನ. ಒಂದೇ ಕೆಟ್ಟಿದ್ದರೆ ಹೆಚ್ಚಾಗಿ ಅದರ ಕನೆಕ್ಟರ್ ಕೂತಿಲ್ಲ ಅಥವಾ ಹೊಸ ಚಕ್ರದ ಗುಂಡಿ ನಿನ್ನ ಮಾದರಿಯ ಕಾರಿಗೆ ಹೊಂದುವುದಿಲ್ಲ. ಇಂಡಿಕೇಟರ್ ಕಡ್ಡಿ ತಿರುವಿನ ನಂತರ ತಾನಾಗಿ ಹಿಂದೆ ಬರದಿದ್ದರೂ ಆ ಬಿಲ್ಲೆ ಸರಿಯಾಗಿ ಕೂತಿಲ್ಲದಿರಬಹುದು. ಚಕ್ರ ಎಡಕ್ಕೆ ವಾಲಿದ್ದು ಬೇರೆಯೇ ಸಂಗತಿ: ಗಾಡಿ ಯಾವ ಕಡೆಗೂ ಎಳೆಯದೆ ಚಕ್ರ ಮಾತ್ರ ವಾರೆಯಾಗಿದ್ದರೆ, ಕಂಬದ ಹಲ್ಲುಗಳ ಮೇಲೆ ಅದನ್ನು ಒಂದು ಹಲ್ಲು ತಪ್ಪಿಸಿ ಕೂಡಿಸಿದ್ದೀಯ. 36 ಹಲ್ಲಿದ್ದರೆ ಒಂದು ಹಲ್ಲಿಗೆ 10 ಡಿಗ್ರಿ, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಇದನ್ನು ನೇರ ಮಾಡಲು ಅಲೈನ್‌ಮೆಂಟ್ ಅಂಗಡಿಗೆ ಹೋಗಿ ಟೈರಿನ ಕಡೆಯ ರಾಡ್ ತಿರುಗಿಸಿಕೊಂಡು ಬಂದರೆ ಚಕ್ರ ನೇರವಾಗಿ ಕಾಣುತ್ತದೆ, ಆದರೆ ತಪ್ಪು ಕೆಳಗಿಳಿದು ಕೂರುತ್ತದೆ. ಸ್ಟೇರಿಂಗಿನ ಕೋನ ಅಳೆಯುವ ಸೆನ್ಸರಿಗೂ ಬಿಲ್ಲೆಗೂ ನಡು ಎಲ್ಲಿದೆಯೆಂಬುದೇ ತಪ್ಪಿಹೋಗುತ್ತದೆ. ಗಾಡಿ ಜಾರದಂತೆ ತಡೆಯುವ ಇ.ಎಸ್.ಪಿ. ದೀಪವೂ ಹತ್ತಿದ್ದರೆ ಆ ಸೆನ್ಸರನ್ನು ಕಾರಿನ ದೋಷ ಓದುವ ಯಂತ್ರವಾದ ಸ್ಕ್ಯಾನರಿನಿಂದ ಮತ್ತೆ ಸೊನ್ನೆಗೆ ತರಬೇಕಾಗುತ್ತದೆ.

ತಂಗೀ, ಇಷ್ಟಕ್ಕೂ ಹಳೆಯ ಚಕ್ರವನ್ನು ಹೇಗೆ ಕಿತ್ತನೆಂದು ನಿನ್ನ ಮಗನನ್ನು ಕೇಳು. ಎರಡೂ ಮೊಣಕಾಲು ಒತ್ತಿ, ಕೈಯಿಂದ ಗುದ್ದಿ, ಕೊನೆಗೆ ಸುತ್ತಿಗೆಯಿಂದ ಹೊಡೆದಿರುತ್ತಾನೆ. ಸುತ್ತಿಗೆಯ ಏಟು ಕಂಬದ ಬೇರಿಂಗಿಗೆ ಹೋಗುತ್ತದೆ. ಚಕ್ರ ಕೀಳುವ ಪುಲ್ಲರ್ ನಮ್ಮ ಮನೆಯಲ್ಲೇ ಇತ್ತು; ಹರಿಹರದ ಷಡ್ಡಕರು ಒಂದು ದಿನಕ್ಕೆಂದು ಒಯ್ದು ಮೂರು ವರ್ಷವಾಯಿತು. ಪ್ರತಿ ಮದುವೆಯಲ್ಲೂ ಕೇಳಿದ್ದೇನೆ, ಪ್ರತಿ ಸಲವೂ ‘ಡಿಕ್ಕಿಯಲ್ಲೇ ಇದೆ ಭಾವ’ ಎನ್ನುತ್ತಾರೆ, ಡಿಕ್ಕಿ ತೆಗೆದರೆ ತೆಂಗಿನಕಾಯಿ ಚೀಲ ಇರುತ್ತದೆ. ಅವರೂ ಈ ಗುಂಪಿನಲ್ಲಿದ್ದಾರೆ, ಓದುತ್ತಿದ್ದಾರೆ, ನೀಲಿ ಗೆರೆ ಕಾಣುತ್ತಿದೆ. ಹಾಗೆಯೇ, ಕೆಲಸಕ್ಕೆ ಕೈ ಹಾಕುವ ಮುಂಚೆ ನನ್ನನ್ನು ಕೇಳಿದವರು ಈ ಮನೆತನದಲ್ಲಿ ಒಬ್ಬರೂ ಇಲ್ಲ. ಕೆಟ್ಟ ಮೇಲೆ ಮಾತ್ರ ಅಣ್ಣನ ನೆನಪಾಗುತ್ತದೆ. ಆ ಕಾರನ್ನು ಮೂಗ ಎಂದು ಕರೆದು ನಕ್ಕವರಲ್ಲಿ ನೀನೂ ಒಬ್ಬಳು.

ಇನ್ನೊಮ್ಮೆ ಹೇಳುತ್ತೇನೆ, ಬಿಲ್ಲೆ ನೋಡುವವರೆಗೆ ಸ್ಟೇರಿಂಗ್ ಕೊನೆಯವರೆಗೆ ತಿರುಗಬಾರದು.

ಅರೆ, ಮೊದಲು ಕೇಳಬೇಕಾದದ್ದನ್ನೇ ಮರೆತಿದ್ದೆ. ಅಳಿಯಾ, ಹಳದಿ ಕನೆಕ್ಟರ್ ಬಿಚ್ಚಿದ್ದಾಗ ನೀನು ಒಮ್ಮೆಯಾದರೂ ಚಾವಿ ತಿರುಗಿಸಿದ್ದೆಯಾ? ತಿರುಗಿಸಿದ್ದರೆ ಕಾರು ಆ ದೋಷವನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ, ಎಲ್ಲ ಸರಿ ಜೋಡಿಸಿದ ಮೇಲೂ ಹಲವು ಕಾರುಗಳಲ್ಲಿ ಅಳಿಸುವವರೆಗೆ ದೀಪ ಆರುವುದಿಲ್ಲ. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಹೆಚ್ಚಾಗಿ ಇಂಜಿನ್ನಿನ ದೋಷದ ಕೋಡ್ ಮಾತ್ರ ಓದುತ್ತವೆ. ಏರ್‌ಬ್ಯಾಗಿನ ಕೋಡ್ ಓದುವ ಯಂತ್ರವೇ ಬೇಕು. ಮಲ್ಟಿಮೀಟರ್ ಹಿಡಿದು ಏರ್‌ಬ್ಯಾಗನ್ನು ಪರೀಕ್ಷಿಸಲು ಹೋಗಬೇಡ, ಮೀಟರಿನ ಸಣ್ಣ ಕರೆಂಟೂ ಚೀಲ ಉಬ್ಬಿಸುವ ಮದ್ದಿಗೆ ಒಳ್ಳೆಯದಲ್ಲ. ದೀಪ ಉರಿಯುತ್ತಿರುವಷ್ಟು ದಿನ ಅಪಘಾತದಲ್ಲಿ ಚೀಲ ಬಿಚ್ಚಿಕೊಳ್ಳುತ್ತದೆಂದು ನಂಬುವಂತಿಲ್ಲ.

ತಂಗೀ, ಭಾನುವಾರ ಕಾರು ಶೆಡ್ಡಿನಲ್ಲೇ ಇರಲಿ, ಎಲ್ಲರೂ ರೈಲಿಗೆ ಹೋಗಿ. ಚಿಕ್ಕಜಾಜೂರು, ಅರಸೀಕೆರೆ ಎಂದು ಸುತ್ತಿಕೊಂಡು ಹೋದರೂ ತುಮಕೂರಿಗೆ ಮುಟ್ಟಿಸುತ್ತದೆ. ಸೋಮವಾರ ಬೆಳಿಗ್ಗೆ ಆ ಎಲೆಕ್ಟ್ರಿಷಿಯನ್ ಹುಡುಗನನ್ನು ಸ್ಕ್ಯಾನರ್ ಸಮೇತ ನಿಮ್ಮ ಮನೆಗೇ ಕರೆತರುತ್ತೇನೆ. ನಾವು ಬರುವ ಮುಂಚೆ ಮುಂದಿನ ಟೈರುಗಳನ್ನು ನೇರ ಮಾಡಿ, ಚಾವಿ ತೆಗೆದು, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಟ್ಟಿರಲಿ. ಹರಿಹರದವರು ನಿಶ್ಚಿತಾರ್ಥಕ್ಕೆ ಬರುವಾಗ ಪುಲ್ಲರನ್ನು ನಿನ್ನ ಕೈಗೆ ಕೊಡಲಿ, ಸೋಮವಾರ ಬೇಕಾಗುತ್ತದೆ.